ಉಗುರಿಗೆ ತಡೆದ ಮೂಲೆ

ಅಳತೆಯಕ್ಕನ ಬಾಯಿಗೆ ಬಿದ್ದರೂ ಬದುಕಬಹುದು, ಅವಳ ಬೆಂಚಿಗೆ ಬಿದ್ದರೆ ಕಷ್ಟ ಎಂದು ಗ್ಯಾರೇಜುಗಳ ಬೀದಿಯಲ್ಲಿ ಒಂದು ಮಾತಿತ್ತು. ಹಳೇ ಎಂಜಿನ್ನುಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ಅವಳ ಕಸುಬು. ಸೀಲು ಒಡೆಯದ ಡಬ್ಬಿಯಿಂದ ತೆಗೆದ ಹೊಸ ಬೇರಿಂಗನ್ನೂ ಅಳೆಯದೆ ಹಾಕಿದವಳಲ್ಲ. “ಮೊಸರಲ್ಲಿ ಕಲ್ಲು ಹುಡುಕೋದು ಅಂದ್ರೆ ಇದೇ” ಎಂದು ಡ್ರೈವರುಗಳು ನಗುತ್ತಿದ್ದರು. ನಕ್ಕವರೇ ಮತ್ತೆ ಅವಳ ಬಾಗಿಲಿಗೆ ಬರುತ್ತಿದ್ದರು.

ಅಪ್ಪ ತೀರಿಕೊಂಡಾಗ ದೊಡ್ಡ ಮಷಿನ್ನುಗಳು ಅಣ್ಣನ ಪಾಲಿಗೆ ಬಂದವು. ಬೆಂಚು ಮತ್ತು ಅಳತೆಯ ಸಾಮಾನು ಅವಳ ಪಾಲಿಗೆ. ಅಣ್ಣನ ಮಷಿನ್ ಶಾಪು ರಸ್ತೆಯ ಆಚೆ ಬದಿಯಲ್ಲೇ ಇತ್ತು. ಸವೆದ ಬ್ಲಾಕು, ಪಿಸ್ಟನ್ನುಗಳ ಏರಿಳಿತವನ್ನು ಚಕ್ರಕ್ಕೆ ದಾಟಿಸುವ ಉಕ್ಕಿನ ಕ್ರ್ಯಾಂಕು ಎಲ್ಲವೂ ಅಲ್ಲಿಗೆ ಹೋಗಿ, ಕೊರೆಸಿಕೊಂಡು ಉಜ್ಜಿಸಿಕೊಂಡು ಅವಳ ಬೆಂಚಿಗೆ ವಾಪಸು ಬರಬೇಕು. ಬಂದಮೇಲೆ ಅವಳು ಅದನ್ನೂ ಅಳೆಯುತ್ತಿದ್ದಳು. ಅಣ್ಣನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು.

“ಅಪ್ಪ ಇದ್ದಿದ್ರೆ ನನ್ನ ಕೆಲಸ ಅಳೀತಿದ್ರಾ?” ಎಂದು ಕೇಳುವನು.

“ಅಳೀತಿದ್ರು” ಎನ್ನುವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಎಷ್ಟು ವರ್ಷ ಅಳೆದರೂ ಅಣ್ಣನ ಕೆಲಸದಲ್ಲಿ ಹೇಳಿಕೊಳ್ಳುವಂಥ ತಪ್ಪು ಸಿಕ್ಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಂದು ಬೆಂಚಿನ ಮೇಲಿದ್ದದ್ದು, ಅಣ್ಣನ ಶಾಪಿನಿಂದ ಬಂದು ಬೇರಿಂಗಿಗಾಗಿ ಕೆಲವು ವಾರ ಕಾದಿದ್ದ, ಮನೆ ಸಾಮಾನು ಸಾಗಿಸುವ ಹಳೇ ಲಾರಿಯ ಕ್ರ್ಯಾಂಕು. ಲಾರಿಯ ಯಜಮಾನ ತಗಡಿನ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಎದುರಿಗೇ ಕೂತಿದ್ದ. ಬ್ಲಾಕಿನಲ್ಲಿ ಪಿಸ್ಟನ್ನು ಓಡಾಡುವ ಬೋರುಗಳನ್ನು ಅವಳು ಮೇಲೆ, ನಡುವೆ, ಕೆಳಗೆ ಎಂದು ಅಳೆದು ಮುಗಿಸಿದ್ದಳು. ನೂಲು ಹಿಡಿದಂತೆ ಇದ್ದವು. ಕ್ರ್ಯಾಂಕಿನಲ್ಲಿ ಬೇರಿಂಗು ಕೂರುವ ದುಂಡನೆಯ ಪಿನ್ನುಗಳಿಗೂ ಮೈಕ್ರೋಮೀಟರು ಹಿಡಿದಾಯಿತು. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

“ಸ್ವಂತ ಅಣ್ಣನ ಕೆಲಸ ಅಲ್ವೇನಕ್ಕ? ಜೋಡಿಸಿಬಿಡಿ. ಗಿರಾಕಿಗಳು ನನ್ನ ಜೀವ ತಿಂತಿದ್ದಾರೆ.”

“ಇನ್ನೊಂಚೂರು ಇರಿ.”

ಕ್ರ್ಯಾಂಕಿನ ಪಿನ್ನು ಪಕ್ಕದ ಗೋಡೆಗೆ ಸೇರುವ ಕಡೆ ಒಂದು ಮೂಲೆಯಿರುತ್ತದೆ. ಆ ಮೂಲೆ ಬಟ್ಟಲಿನ ಒಳಮೈಯಂತೆ ದುಂಡಗಿರಬೇಕು. ಚೂಪಾಗಿದ್ದರೆ, ಎಂಜಿನ್ನಿನ ಜೋರೆಲ್ಲ ಅಲ್ಲೇ ಬಂದು ಕೂತು ಒಂದಲ್ಲ ಒಂದು ದಿನ ಉಕ್ಕನ್ನು ಸೀಳುತ್ತದೆ. ಅವಳು ಹೆಬ್ಬೆರಳ ಉಗುರನ್ನು ಮೊದಲ ಪಿನ್ನಿನ ಮೂಲೆಗೆ ಇಟ್ಟು ಎಳೆದಳು. ಉಗುರು ನುಣ್ಣಗೆ ಜಾರಿತು. ಎರಡನೆಯದರಲ್ಲೂ ಜಾರಿತು. ಮೂರನೆಯದರಲ್ಲಿ ಟಕ್ಕನೆ ತಡೆಯಿತು.

ಅವಳು ಕೈ ಒರೆಸಿಕೊಂಡು ಮತ್ತೆ ಎಳೆದಳು. ಮತ್ತೆ ತಡೆಯಿತು. ದುಂಡು ನೋಡುವ ತೆಳ್ಳನೆಯ ಗೇಜನ್ನು ಮೂಲೆಗೆ ಇಟ್ಟು ಬೆಳಕಿಗೆ ಹಿಡಿದಳು. ಕೂರಬೇಕಾದ ಕಡೆ ಗೇಜು ಕೂರದೆ, ಅಡಿಯಿಂದ ಬೆಳಕು ಇಣುಕಿತು. ನಾಲ್ಕನೆಯ ಪಿನ್ನೂ ಹಾಗೇ. ಆ ಕ್ರ್ಯಾಂಕನ್ನು ಈಗಾಗಲೇ ಕೊನೆಯ ಸೈಜಿಗೆ ಉಜ್ಜಿಯಾಗಿತ್ತು. ಮತ್ತೆ ಉಜ್ಜಿ ಸರಿಮಾಡಲು ಅದರ ಮೈಯಲ್ಲಿ ಉಕ್ಕೇ ಉಳಿದಿರಲಿಲ್ಲ.

“ಏನಾಯ್ತಕ್ಕ?”

“ಇವತ್ತು ಆಗಲ್ಲ. ಬೈಬೇಡಿ, ಮನೆಗೆ ಹೋಗಿ” ಎಂದು ಕ್ರ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ, ಮಗು ಎತ್ತಿಕೊಂಡಂತೆ ಸೊಂಟಕ್ಕೆ ಆನಿಸಿಕೊಂಡು ರಸ್ತೆ ದಾಟಿದಳು.

ಶಾಪಿನ ಬಾಗಿಲಲ್ಲಿ ಅತ್ತಿಗೆ ಗಿರಾಕಿಗಳ ಸಾಮಾನಿಗೆ ಚೀಟಿ ಕಟ್ಟುತ್ತಿದ್ದಳು. ನಾದಿನಿಯ ಮುಖ ನೋಡಿದವಳೇ ಕೈಯಲ್ಲಿದ್ದ ದಾರ ಕೆಳಗಿಟ್ಟಳು. ಒಳಗೆ ಅಣ್ಣ ಲೇತಿನ ಮುಂದೆ ನಿಂತಿದ್ದ.

“ಮೂರು, ನಾಲ್ಕು. ಮೂಲೆ ಚೂಪಾಗಿದೆ” ಎಂದಳು.

“ಸೈಜು?”

“ಸೈಜು ಸರಿಯಿದೆ.”

“ಮತ್ತಿನ್ನೇನು ನಿನ್ನ ತಕರಾರು? ಉಗುರಲ್ಲಿ ಕೆರೆದು ನೋಡಿ ನನಗೆ ಪಾಠ ಹೇಳೋಕೆ ಬಂದ್ಯಾ? ಗಿರಾಕಿ ಮುಂದೇನೂ ಹೀಗೇ ಹೇಳಿದ್ಯಾ?”

“ಗಿರಾಕಿಗೆ ಏನೂ ಹೇಳಿಲ್ಲ. ನೀನೇ ನೋಡಣ್ಣ.”

ಅವನು ನೋಡಲಿಲ್ಲ. ಆಮೇಲೆ ಕಸಿದುಕೊಳ್ಳುವವನಂತೆ ಅವಳ ಕೈಯಿಂದ ಕ್ರ್ಯಾಂಕು ಎತ್ತಿಕೊಂಡು ದೀಪದ ಕೆಳಗಿಟ್ಟ. ಅವನ ಹೆಬ್ಬೆರಳು ಮೂರನೆಯ ಪಿನ್ನಿನ ಮೂಲೆಗೆ ಹೋಯಿತು, ನಿಂತಿತು. ಇನ್ನೊಂದು ಕೈಯಿಂದ ಲೇತು ಆಫ್ ಮಾಡಿದ.

“ನಡುವೆ ಕಲ್ಲು ಬದಲಾಯಿಸಿದ್ದೆ” ಎಂದ. “ಉಜ್ಜೋ ಕಲ್ಲಿನ ಅಂಚು ದುಂಡು ಮಾಡ್ಕೊಳ್ಳದೇ ಹಾಗೇ ಹಾಕಿಬಿಟ್ಟಿದ್ದೀನಿ. ಅವತ್ತು ಇವಳು ಆಸ್ಪತ್ರೇಲಿದ್ದಳು, ಓಡಬೇಕಾಗಿತ್ತು.”

“ನನ್ನ ಹೆಸರು ಹೇಳಿ ಕಲ್ಲಿನ ತಪ್ಪು ಮುಚ್ಚಬೇಡಿ” ಎಂದಳು ಅತ್ತಿಗೆ ಬಾಗಿಲಿಂದಲೇ. ಆದರೆ ಅವಳ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. “ಅವತ್ತು ಅದೇ ಕಲ್ಲಲ್ಲಿ ಇನ್ನೊಂದು ಮಾಡಿದ್ರಲ್ಲ. ಬಸ್ಸಿಂದು. ಆಮೇಲೆ ಚೀಟಿ ಕಟ್ಟಿದ್ದು ನಾನೇ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಡ್ಡದ ಮೇಲಿನ ಬಟ್ಟೆ ಕಾರ್ಖಾನೆಗೆ ಕೆಲಸದವರನ್ನು ಹೊತ್ತು ಹತ್ತಿ ಇಳಿಯುವ ಹಳೇ ಬಸ್ಸು ಅದು. ಬೇರೆ ಗ್ಯಾರೇಜಿನವರು ಕಟ್ಟಿದ ಎಂಜಿನ್ನು. ಮಷಿನ್ ಶಾಪಿನ ಹೆಸರು ಕೇಳಿದಮೇಲೆ ಅಲ್ಲಿ ಯಾರೂ ಏನನ್ನೂ ಅಳೆದು ನೋಡಿರಲಿಲ್ಲ.

“ಓಡ್ತಾ ಇದೆಯಲ್ಲ. ಏನೂ ಆಗಿಲ್ಲ” ಎಂದ ಅಣ್ಣ. ಹೇಳಿದವನಿಗೇ ಆ ಮಾತು ರುಚಿಸಲಿಲ್ಲ.

“ಆದಮೇಲೆ ಹೋಗಿ ಹೇಳೋಣ್ವಾ? ಏರಲ್ಲಿ ಎಂಜಿನ್ ನಿಂತರೆ ಆ ಬಸ್ಸಿನ ಬ್ರೇಕಿಗೂ ಅರ್ಧ ಜೀವ” ಎಂದಳು ಅಳತೆಯಕ್ಕ.

ಡ್ರೈವರಿಗೆ ಫೋನು ಮಾಡಿದರು. ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಕಾರ್ಖಾನೆ ಬಿಡುವ ಹೊತ್ತು ಹತ್ತಿರವಾಗಿತ್ತು. ಅಣ್ಣ ಸ್ಕೂಟರು ಹೊರಗೆ ತಳ್ಳಿದ. ಅವಳು ಹಿಂದೆ ಕೂತಳು.

ಗುಡ್ಡದ ದಾರಿಯ ಒಂದೊಂದು ತಿರುವಿನಲ್ಲೂ ಅವಳ ಕಣ್ಣು ಮೊದಲು ಕೆಳಗಿನ ಇಳಿಜಾರಿಗೆ ಹೋಗುತ್ತಿತ್ತು. ಎಲ್ಲಾದರೂ ಜನ ಗುಂಪುಗೂಡಿದ್ದಾರೆಯೇ ಎಂದು. ಯಾರೂ ಇರಲಿಲ್ಲ. ಸ್ಕೂಟರು ಏದುಸಿರು ಬಿಡುತ್ತ ಹತ್ತುತ್ತಿತ್ತು. ಅಣ್ಣನ ಬೆನ್ನು ಬೆವರಿನಿಂದ ತೊಯ್ದು ಶರ್ಟು ಅಂಟಿಕೊಂಡಿದ್ದನ್ನು ನೋಡುತ್ತ, ಆ ಮೂಲೆಗೆ ಉಗುರು ಇಡದೇ ಹೋಗಿದ್ದರೆ ಎಂದು ಯೋಚಿಸಲೂ ಅವಳಿಗೆ ಧೈರ್ಯ ಬರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಬಸ್ಸು ನಿಂತಿತ್ತು. ಎಂಜಿನ್ನು ಚಾಲೂ ಇತ್ತು. ಕೆಲಸ ಬಿಟ್ಟ ಹೆಂಗಸರು ಒಬ್ಬರನ್ನೊಬ್ಬರು ತಳ್ಳುತ್ತ ನಗುತ್ತ ಹತ್ತುತ್ತಿದ್ದರು.

“ಏನಣ್ಣ ಇಲ್ಲಿ? ನಿಮ್ಮ ಕೈಗುಣ ನೋಡಿ, ಎಂಜಿನ್ ಸಕ್ಕರೆ ಸಕ್ಕರೆ!” ಎಂದ ಡ್ರೈವರು.

ಅಣ್ಣ ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಡ್ರೈವರಿನ ಕಿಟಕಿಯ ಕೆಳಗೆ ಬಂದು ನಿಂತ. ತಾನು ಹೇಳಿಬಿಡಬಹುದಿತ್ತು ಎಂದು ಅವಳಿಗೆ ಅನಿಸಿತು. ಆದರೆ ಆ ಮಾತು ಅವನದೇ ಬಾಯಿಂದ ಬರಬೇಕಿತ್ತು.

“ಎಂಜಿನ್ ನಿಲ್ಲಿಸು. ಎಲ್ಲರನ್ನೂ ಇಳಿಸು” ಎಂದ ಅಣ್ಣ. “ಕ್ರ್ಯಾಂಕಿನ ಕೆಲಸದಲ್ಲಿ ನನ್ನ ಕೈ ತಪ್ಪಿದೆ. ಮುರಿದರೂ ಮುರೀಬಹುದು.”

“ಮುರೀಬಹುದು ಅಂದ್ರೆ? ಇಷ್ಟು ದಿನ ಮುರಿದಿಲ್ಲ. ಇಳಿಜಾರು ತಾನೇ, ಮೆಲ್ಲಗೆ ಇಳಿಸ್ತೀನಿ. ಇವರನ್ನೆಲ್ಲ ಯಾರು ಮನೆ ಮುಟ್ಟಿಸ್ತಾರೆ, ನೀವಾ?”

ಬಸ್ಸಿನೊಳಗಿಂದ ಬೈಗುಳ ಶುರುವಾಯಿತು. ಮಗುವಿಗೆ ಹಾಲು ಕೊಡಬೇಕೆಂದು ಒಬ್ಬಳು ಕೂಗಿದಳು. ಡ್ರೈವರು ಗೇರು ಹಾಕಿದ. ಅಣ್ಣ ನಡೆದು ಹೋಗಿ ಬಸ್ಸಿನ ಮುಂದೆ ನಿಂತುಕೊಂಡ.

“ಹೋಗೋದಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗು.”

ಜೀವನದಲ್ಲಿ ಒಬ್ಬರ ಮುಂದೆಯೂ ತಲೆ ತಗ್ಗಿಸದ ಮನುಷ್ಯ, ಬಸ್ಸಿನಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಅವಳೂ ಹೋಗಿ ಅವನ ಪಕ್ಕದಲ್ಲಿ ನಿಂತಳು. ಡ್ರೈವರು ಇಬ್ಬರನ್ನೂ ದುರುಗುಟ್ಟಿ ನೋಡಿದ. ಕೊನೆಗೆ ಎಂಜಿನ್ನು ಆಫ್ ಮಾಡಿದ. ಹೆಂಗಸರು ಶಾಪ ಹಾಕುತ್ತ ಇಳಿದು ಗುಡ್ಡದಿಂದ ಕೆಳಗೆ ನಡೆದುಹೋದರು. ಹಾಲು ಕೊಡಬೇಕಾದವಳನ್ನು ಅಳತೆಯಕ್ಕ ತಾನೇ ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಬಂದಳು.

ಮರುದಿನ ಬಸ್ಸನ್ನು ಲಾರಿಗೆ ಕಟ್ಟಿ ಎಳೆದು ತಂದು ಎಂಜಿನ್ನು ಬಿಚ್ಚಿದರು. ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒಣಗುವಂತೆ ಒರೆಸಿ, ಮೂಲೆಗಳಿಗೆಲ್ಲ ಸೀಮೆಸುಣ್ಣದ ಪುಡಿ ಸವರಿದಳು. ಎಲ್ಲಾದರೂ ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಒಸರಿ ಬಿಳಿ ಪುಡಿಯ ಮೇಲೆ ಗೆರೆ ಬರೆಯುತ್ತದೆ. ಡ್ರೈವರು ಕೈಕಟ್ಟಿಕೊಂಡು ನಿಂತಿದ್ದ. ಮೊದಲು ಏನೂ ಕಾಣಲಿಲ್ಲ. “ನೋಡಿ, ಸುಮ್ಮನೆ ನನ್ನ ಹೊಟ್ಟೆ ಮೇಲೆ ಹೊಡೆದ್ರಿ” ಎಂದು ಅವನು ಶುರುಮಾಡಿದ. ಸುತ್ತಿಗೆಯಿಂದ ಅವಳು ಕ್ರ್ಯಾಂಕನ್ನು ಮೆಲ್ಲಗೆ ತಟ್ಟಿದಳು. ಕೊನೆಯ ಪಿನ್ನಿನ ಮೂಲೆಯಲ್ಲಿ, ರೆಪ್ಪೆಗೂದಲಿನಂಥ ಒಂದು ಕಪ್ಪು ಗೆರೆ ಬಿಳಿ ಪುಡಿಯಿಂದ ಮೇಲೆದ್ದು ಬಂತು.

ಡ್ರೈವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅಣ್ಣ ಗೆರೆಯನ್ನು ನೋಡಿ ಗೋಡೆಯ ಕಡೆ ತಿರುಗಿದ. ಅವಳಿಗೆ ಗೆದ್ದೆ ಎನಿಸಲಿಲ್ಲ. ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟು ಪುಡಿ ಮೆತ್ತಿದ ಕೈ ಒರೆಸಿಕೊಂಡಳು.

ಲಾರಿಗೂ ಬಸ್ಸಿಗೂ ಬೇರೆ ಕ್ರ್ಯಾಂಕುಗಳನ್ನು ಅಣ್ಣ ತನ್ನ ಖರ್ಚಿನಲ್ಲೇ ಹುಡುಕಿ ತಂದುಕೊಟ್ಟ. ಬೀದಿ ಸುಮ್ಮನಿರುತ್ತದೆಯೇ? ತಂಗಿಯೇ ಅಣ್ಣನ ಮಾನ ಹರಾಜು ಹಾಕಿದಳು ಎಂದು ಕೆಲವರು ಆಡಿಕೊಂಡರು. ಬಹಳ ದಿನ ಅಣ್ಣ ರಸ್ತೆ ದಾಟಿ ಬರಲಿಲ್ಲ. ಎದುರಾದರೆ ಕತ್ತು ಆಚೆ ತಿರುಗಿಸುತ್ತಿದ್ದ. ಅವಳೂ ಕರೆಯಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಎದುರು ಬಾಗಿಲ ಕಡೆ ಕಣ್ಣು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವನೇ ಬಂದ. ಹೆಗಲ ಮೇಲೆ ಯಾರದ್ದೋ ಕ್ರ್ಯಾಂಕು. ಅವಳ ಗಿರಾಕಿಯದ್ದೂ ಅಲ್ಲ.

“ಇದನ್ನ ನೀನು ನೋಡಬೇಕಂತೆ.”

“ಯಾರು ಹೇಳಿದ್ದಂತೆ?”

“ನಿಮ್ಮ ಅತ್ತಿಗೆಯಂತೆ.”

ಅವಳು ನಗು ನುಂಗಿಕೊಂಡು ಮೈಕ್ರೋಮೀಟರು ತೆಗೆದಳು. ಸೈಜು ಸರಿಯಿತ್ತು. ಮೂಲೆಗಳಲ್ಲಿ ಉಗುರು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಅಣ್ಣ ಪರೀಕ್ಷೆ ಬರೆದ ಹುಡುಗನಂತೆ ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವಳು ಎಣ್ಣೆ ಹರಿಯುವ ತೂತಿಗೆ ತಂತಿ ತೂರಿಸಿ ಎಳೆದಳು. ತುದಿಯಲ್ಲಿ ಬೂದುಬಣ್ಣದ ಕಲ್ಲಿನ ಪುಡಿ ಮೆತ್ತಿಕೊಂಡು ಬಂತು.

“ತೂತು ತೊಳೆದಿಲ್ಲ” ಎಂದಳು.

“ಅದನ್ನ ಎಂಜಿನ್ ಕಟ್ಟೋರು ತೊಳ್ಕೋಬೇಕು! ಅದೂ ನನ್ನ ತಲೆಗೇ ಕಟ್ತೀಯಾ?” ಎಂದು ಅಣ್ಣ ಬೀದಿಗೆಲ್ಲ ಕೇಳುವಂತೆ ಗದರಿದ. ಗದರುತ್ತಲೇ ಸೀಮೆಎಣ್ಣೆಯ ಡಬ್ಬ ಎಳೆದುಕೊಂಡು ಅವಳ ಬೆಂಚಿನ ಕೆಳಗೆ ಕೂತು, ಬ್ರಷ್ಷಿನಿಂದ ಒಂದೊಂದೇ ತೂತು ತೊಳೆಯತೊಡಗಿದ.