ಬೂದಿ ಸೋಸುವ ಬಟ್ಟೆಯ ಆಚೆ ತುದಿ

ಮೊದಲ ಸಲ ಅವಳನ್ನು ನೋಡಿದಾಗ ಅವಳ ಕೈಯಲ್ಲಿ ಆರತಿ ತಟ್ಟೆ ಇತ್ತು. ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ ಅದು. ಘಾಟಬೋರಾಳದಿಂದ ಮದುವೆಯಾಗಿ ಬಂದ ನಾನು ಬಸವಕಲ್ಯಾಣದ ಆ ಮನೆಯ ಹೊಸ್ತಿಲ ಮುಂದೆ ನಿಂತಿದ್ದೆ. ಅತ್ತೆ ಒಳಗಿನ ಕಂಬಕ್ಕೆ ಒರಗಿದ್ದಳು. ಓಣಿಯ ಹೆಂಗಸರು ಕಟ್ಟೆಯ ತುಂಬ ಕೂತಿದ್ದರು. ಮುಡಬಿಯಿಂದ ಬಂದ ಒಬ್ಬ ಹೆಂಗಸು ಮಾತ್ರ ಬಾಗಿಲ ಸಂದಿಯಲ್ಲಿ, ಯಾರಿಗೂ ಕಾಣಬಾರದು ಎಂಬಂತೆ ಮುದುಡಿಕೊಂಡಿದ್ದಳು. ಆರತಿ ಹಿಡಿದವಳು ತಟ್ಟೆ ಎತ್ತಿದಾಗ ದೀಪ ಅವಳ ಮುಖಕ್ಕೆ ಬಿತ್ತು. ಬಲಗಣ್ಣಿನ ಕೆಳಗಿಂದ ದವಡೆಯವರೆಗೆ, ಮಾಗಿದ ನೇರಳೆಹಣ್ಣಿನ ರಸ ಚೆಲ್ಲಿದಂತೆ ಒಂದು ಕಲೆ. ಅದರದೊಂದು ಹನಿ ಮೇಲ್ದುಟಿಯ ಮೂಲೆಗೂ ಸಿಡಿದಿತ್ತು.

ನಾನು ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟೆ. ಅವಳು ತಟ್ಟೆ ಅಲುಗಿಸದೆ, ನನಗಷ್ಟೇ ಕೇಳುವಂತೆ ಹೇಳಿದಳು: “ಹೆದರಬ್ಯಾಡ ತಂಗಿ, ಇದು ಒಬ್ಬರಿಂದ ಒಬ್ಬರಿಗಿ ಹತ್ತೂ ಬ್ಯಾನಿ ಅಲ್ಲ. ಬಲಗಾಲು ಮುಂದಿಡು.”

ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಬಾಯಲ್ಲಿ ಮೂವತ್ತು ವರ್ಷ ಅಕ್ಕ ಎಂದು ಕರೆದೆ. ಮನಸ್ಸಿನಲ್ಲಿ ಏನೆಂದು ಕರೆಯುತ್ತಿದ್ದೆ ಎಂಬುದನ್ನು ಬರೆಯುವುದಿಲ್ಲ. ಅಂದು ಒಳಗೆ ಕಾಲಿಡುವಾಗ ನನಗೆ ಅನ್ನಿಸಿದ್ದು ಇಷ್ಟು: ಚಲೋ ಆಯಿತು, ಈ ಮನೆಯಲ್ಲಿ ಚೆಂದದವಳು ನಾನೊಬ್ಬಳೇ.

ಚೆಂದದಿಂದ ಆ ಮನೆಯಲ್ಲಿ ಒಂದು ಕೊಡ ನೀರೂ ಹುಟ್ಟುವುದಿಲ್ಲ ಎಂಬುದು ತಿಂಗಳೊಪ್ಪತ್ತಿನಲ್ಲಿ ತಿಳಿಯಿತು. ನಮ್ಮದು ವಿಭೂತಿ ಮಾಡುವ ಮನೆ. ಸಗಣಿಯ ಕುಳ್ಳು ಸುಟ್ಟು, ಬಿಳಿ ಬೂದಿಯನ್ನು ಆರಿಸಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ಕೆನೆಯಂಥದ್ದನ್ನು ಉಂಡೆ ಕಟ್ಟಿ ಬಿಸಿಲಿಗೆ ಇಡಬೇಕು. ಸೋಸುವುದಕ್ಕೆ ಇಬ್ಬರು ಬೇಕು. ಒದ್ದೆ ಧೋತರದ ಒಂದು ತುದಿಯನ್ನು ಒಬ್ಬಳು, ಇನ್ನೊಂದು ತುದಿಯನ್ನು ಇನ್ನೊಬ್ಬಳು ಹಿಡಿದು, ತೊಟ್ಟಿಲು ತೂಗಿದ ಹಾಗೆ ತೂಗಬೇಕು. ಒಬ್ಬಳು ಜೋರು ಮಾಡಿದರೆ ಹರಳು ಕೆಳಗೆ ಹೋಗುತ್ತದೆ. ಇನ್ನೊಬ್ಬಳು ಸಡಿಲ ಬಿಟ್ಟರೆ ನೀರು ಹೊರಗೆ ಚೆಲ್ಲುತ್ತದೆ. ಅವಳು ಆಚೆ ತುದಿ, ನಾನು ಈಚೆ ತುದಿ. ನಾನು ಲಗುಬಗೆ ಮಾಡಿದರೆ, “ಬೂದಿಗಿ ಅವಸರ ಗೊತ್ತಿಲ್ಲ ತಂಗಿ, ಅದು ಒಮ್ಮಿ ಸುಟ್ಟು ಕುಂತದ,” ಎನ್ನುತ್ತಿದ್ದಳು.

ಅವಳು ಕಟ್ಟಿದ ಉಂಡೆ ಮೊಟ್ಟೆಯಷ್ಟು ನುಣುಪು. ನನ್ನದು ಎಷ್ಟೇ ತಿಕ್ಕಿದರೂ ಒಂದು ಸೀಳು ಬಿಡುತ್ತಿತ್ತು. ಗಿರಾಕಿಗಳು ಬಂದರೆ ಅವಳ ಸಾಲಿನಿಂದಲೇ ಆರಿಸುತ್ತಿದ್ದರು. ನನ್ನ ಗಂಡ ಊಟಕ್ಕೆ ಕೂತಾಗ, “ಪುಂಡಿಪಲ್ಲೆ ವೈನಿ ಮಾಡ್ಯಾಳೇನು?” ಎಂದು ಕೇಳಿ, ಹೌದೆಂದರೆ ಇನ್ನೊಂದು ರೊಟ್ಟಿ ಬೇಡುತ್ತಿದ್ದ. ಅತ್ತೆ ಉಗ್ರಾಣದ ಕೀಲಿಯನ್ನು ಅವಳ ಸೊಂಟಕ್ಕೆ ಕಟ್ಟಿದಳು. ಇದೆಲ್ಲ ಹೋಗಲಿ; ನನ್ನ ಹಿರಿಮಗ ಮೊದಲ ಸಲ ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ನಾನು ಕೈಚಾಚಿ ಕೂತಿದ್ದೆ. ಅವನು ನನ್ನನ್ನು ದಾಟಿ ಅವಳ ಮಡಿಲಿಗೆ ಹೋಗಿ ಬಿದ್ದ. ಆ ಕೆನ್ನೆಯನ್ನು ಎರಡೂ ಕೈಯಿಂದ ತಟ್ಟಿ ನಕ್ಕ. ಅಂದು ಅಡುಗೆಮನೆಯಲ್ಲಿ ನಾನು ತಟ್ಟಿದ ರೊಟ್ಟಿಯ ಸಪ್ಪಳ ಓಣಿಯ ತುದಿಗೂ ಕೇಳಿರಬೇಕು.

ಅವಳನ್ನು ಆಡಿಕೊಳ್ಳುವವರು ಇರಲಿಲ್ಲವೆಂದಲ್ಲ. ಹುಮನಾಬಾದಿನ ಕಾಳಿನ ಸಂತೆಯಲ್ಲಿ ಒಬ್ಬಾಕೆ, ಯಾರು ಈ ಪರಿ ಕಪಾಳಕ್ಕೆ ಹೊಡೆದರು ಎಂದು ಕೇಳಿದ್ದಳು. ಇವಳು ಜೋಳ ಅಳೆಸುತ್ತಲೇ, “ಹುಟ್ಟೂಕಿಂತ ಮೊದಲೇ ಹೊಡದಾರ ಯವ್ವಾ, ಹಂಗಾಗಿ ಹೊಡದವರ ಮುಖ ನೋಡಿಲ್ಲ,” ಎಂದಳು. ಸುತ್ತ ನಿಂತವರೆಲ್ಲ ನಕ್ಕರು, ಕೇಳಿದವಳೂ ನಕ್ಕಳು. ನಾನು ನಗಲಿಲ್ಲ. ಅಂಥ ಮಾತು ನನಗೆ ಹೊಳೆಯುವುದಿಲ್ಲವಲ್ಲ ಎಂದು ಹೊಟ್ಟೆಯಲ್ಲಿ ಉರಿಯುತ್ತಿತ್ತು.

ನಕ್ಕರೂ ಅವಳಿಗೆ ಏನನ್ನೂ ಪೂರ್ತಿ ಮುಚ್ಚಿಡಲು ಆಗುತ್ತಿರಲಿಲ್ಲ. ಸಿಟ್ಟೋ ದುಃಖವೋ ಬಂದರೆ ಅದು ಮೊದಲು ಕಲೆಗೆ ತಿಳಿಯುತ್ತಿತ್ತು, ಆಮೇಲೆ ಅವಳಿಗೆ. ನೇರಳೆ ಬಣ್ಣ ಕಡುವಾಗುತ್ತ ಕಪ್ಪಿಗೆ ತಿರುಗುತ್ತಿತ್ತು. ಮುಡಬಿಯ ತಾಯಿ ಬಂದುಹೋದ ದಿನ ಸಂಜೆತನಕ ಅದು ಹಾಗೆಯೇ ಇರುತ್ತಿತ್ತು.

ಬಾಗಿಲ ಸಂದಿಯಲ್ಲಿ ಮುದುಡಿ ಕೂತಿದ್ದಳೆಂದೆನಲ್ಲ, ಅವಳೇ ಆ ತಾಯಿ. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಖಾರ ಕುಟ್ಟುತ್ತ ಆ ಕೈಯಿಂದ ಕೆನ್ನೆ ಒರೆಸಿಕೊಂಡಿದ್ದಳಂತೆ. ಮಗು ಹುಟ್ಟಿದ ದಿನದಿಂದ ಗಂಡ, ಅತ್ತೆ, ಊರು ಎಲ್ಲರೂ ಕಲೆಗೆ ಅದೇ ಕಾರಣವೆಂದು ಹೇಳಿದರು. ಗ್ರಹಣ ಗಿಹಣ ನಂಬಬಾರದು ಎಂದು ಮಠದಲ್ಲಿ ಕೇಳಿ ತಲೆದೂಗಿದ ಹೆಂಗಸರೇ ಮನೆಗೆ ಬಂದು ಬಸುರಿಯರನ್ನು ಕತ್ತಲಕೋಣೆಗೆ ಹಾಕುತ್ತಿದ್ದ ಕಾಲ ಅದು. ಆ ತಾಯಿ ಅಂದಿನಿಂದ ಒನಕೆ ಮುಟ್ಟಿದವಳಲ್ಲ. ಮಗಳ ಮನೆಗೆ ಬಂದರೆ ಮಗಳ ಎಡಕ್ಕೇ ಕೂರುವಳು, ಕಲೆ ಇಲ್ಲದ ಕಡೆಗೆ. ಊಟದಲ್ಲಿ ಖಾರ ಹಾಕಿಕೊಳ್ಳುತ್ತಿರಲಿಲ್ಲ. “ಎವ್ವಾ, ಈ ಕಡಿನೂ ನೋಡಬೇ,” ಎಂದು ಇವಳು ಚೇಷ್ಟೆ ಮಾಡಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದುಹೋಗುವಳು.

ವರ್ಷಗಳು ಹೋದವು. ಎರಡನೆಯ ಬಾಣಂತನದ ಮೇಲೆ ನನ್ನ ಮೂಗಿನ ಎರಡೂ ಮಗ್ಗುಲಿಗೆ ಕೆಂಪು ದಾರದ ಎಳೆಯಂಥ ಗೆರೆಗಳು ಕಾಣಿಸಿದವು. ಅತ್ತೆ ಒಲೆಯ ಝಳ ಎಂದಳು. ವರ್ಷದಿಂದ ವರ್ಷಕ್ಕೆ ಎಳೆಗಳು ಕವಲೊಡೆದು ಜೇಡರ ಬಲೆಯಾದವು. ಪೌಡರ್ ಬಳಿದು ಮುಚ್ಚುತ್ತಿದ್ದೆ. ಬೂದಿ ಸೋಸುವಾಗ ಬೆವರಿಗೆ ಅದೂ ಹರಿದುಹೋಗುತ್ತಿತ್ತು. ಅವಳು ಎದುರಿಗೆ ಕೂತು ನೋಡುತ್ತಿದ್ದಳು.

ಅತ್ತೆಯ ದಮ್ಮಿಗೆ ಔಷಧ ತರಲು ನಾವಿಬ್ಬರೂ ಹುಮನಾಬಾದಿಗೆ ಹೋಗಿದ್ದೆವು. ಎಂಬತ್ತರ ದಶಕದ ನಡುವೆ ಇರಬೇಕು. ಅಲ್ಲಿಯ ಡಾಕ್ಟರರು ಅವಳ ಕೆನ್ನೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣಿನ ರೋಗಕ್ಕೆಂದು ಹೈದರಾಬಾದಿಗೆ ಬೆಳಕಿನ ಮಿಷನ್ ಬಂದಿದೆಯೆಂದೂ, ಪರದೇಶದಲ್ಲಿ ಓದಿ ಬಂದ ತಮ್ಮ ಗೆಳೆಯರೊಬ್ಬರು ಅದೇ ಬೆಳಕಿನಿಂದ ಇಂಥ ಕಲೆಗಳನ್ನು ತಿಳಿಮಾಡಿ ನೋಡುತ್ತಿದ್ದಾರೆಂದೂ ಹೇಳಿದರು. ದಿನ ಗೊತ್ತುಮಾಡಿ ಚೀಟಿ ಕಳಿಸುತ್ತೇನೆ ಎಂದರು. ಬಸ್ಸಿನಲ್ಲಿ ಊರು ಬರುವಾಗ, “ಹೋಗಬೇಕು ತಂಗಿ. ಅವರಿಗಿ ಕೇಳೂದೊಂದು ಅದ,” ಎಂದಳು.

ಏನು ಕೇಳುವುದು ಎಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಕೀಲಿ ಅವಳದು, ಕೈಗುಣ ಅವಳದು, ಮಾತು ಅವಳದು, ನನ್ನ ಮಗ ಕೂಡ ಅರ್ಧ ಅವಳವನು. ನನಗೆ ಅಂತ ಇದ್ದದ್ದು ಒಂದೇ, ಅವಳ ಮಗ್ಗುಲಲ್ಲಿ ನಿಂತಾಗ ಜನ ಮೊದಲು ನೋಡುವ ಮುಖ. ಅದಕ್ಕೂ ಜೇಡರ ಬಲೆ ಕಟ್ಟಿದೆ. ಇನ್ನು ಆ ಕಲೆಯೂ ಹೋದರೆ ನನಗೇನು ಉಳಿಯಿತು?

ಶ್ರಾವಣದಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಬಂತು. ಗಂಡಸರು ಪೇಟೆಗೆ ಹೋಗಿದ್ದರು. ಮನೆಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಅವಳು ಬೂದಿಗೈಯಲ್ಲೇ ಬಂದು ಎದುರಿಗೆ ಕೂತಳು. ಬರುವ ಸೋಮವಾರ ತಪ್ಪದೆ ಹೊರಡಿರಿ ಎಂದು ಚೀಟಿಯಲ್ಲಿತ್ತು. ಆ ದೊಡ್ಡ ಡಾಕ್ಟರು ಪರದೇಶಕ್ಕೆ ಹೋಗಿದ್ದಾರಂತೆ, ದೀಪಾವಳಿ ಕಳೆದ ಮೇಲೆ ಬರಬೇಕಂತೆ ಎಂದು ನಾನು ಓದಿದೆ. ಓದಿದ ಚೀಟಿಯನ್ನು ಒಲೆಗೆ ಹಾಕಿದೆ. ಅವಳು ಇರಲಿ ಬಿಡು ಎಂದು ಎದ್ದು ಹೋಗಿ ತನ್ನ ತುದಿ ಹಿಡಿದಳು. ನಾನೂ ಹೋಗಿ ನನ್ನ ತುದಿ ಹಿಡಿದೆ.

ನವರಾತ್ರಿಯಲ್ಲಿ ಮುಡಬಿಯ ತಾಯಿ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದ ಅಕ್ಕ ಮೂರು ದಿನ ಊಟ ಬಿಟ್ಟಳು. ಕಲೆ ಇದ್ದಿಲಿನ ಹಾಗೆ ಕಪ್ಪಾಗಿತ್ತು. ದೀಪಾವಳಿ ಕಳೆದ ವಾರ ತಾನಾಗಿಯೇ, ಹೈದರಾಬಾದಿಗೆ ನಡಿ ಅಂದಳು. ನನಗೆ ಬೇಡವೆನ್ನಲು ನೆಪ ಸಿಗಲಿಲ್ಲ. ಭಾವನವರು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು; ದವಾಖಾನೆಯ ಬಾಗಿಲ ಹೊರಗೆ ತಾವು ಬೀಡಿ ಸೇದುತ್ತ ಕೂತರು.

ಡಾಕ್ಟರು ಉರ್ದುವಿನವರು. ಅವಳೂ ಉರ್ದುವಿನಲ್ಲೇ ಮಾತಾಡಿದಳು, ಅದೂ ನನಗಿಂತ ಚೊಕ್ಕ. ಅದನ್ನೆಲ್ಲ ನಮ್ಮ ಮಾತಿನಲ್ಲಿ ಇಡುತ್ತೇನೆ. ಅವರು ಮೊದಲು ವಹಿ ತೆಗೆದು ನೋಡಿದರು. “ನಿಮಗ ಶ್ರಾವಣದಾಗೇ ಕರದಿದ್ನಲ್ಲಾ ಅಮ್ಮಾ. ದಿನಾ ಪೂರಾ ಹಾದಿ ನೋಡಿದೆ,” ಎಂದರು.

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಏನೂ ಇರಲಿಲ್ಲ. ಆದರೆ ಕಲೆ ದವಡೆಯಿಂದ ಮೇಲಕ್ಕೆ ಕಪ್ಪಾಗುತ್ತ ಬಂದದ್ದನ್ನು ನಾನು ನೋಡಿದೆ. ಆಮೇಲೆ ಡಾಕ್ಟರ ಕಡೆ ತಿರುಗಿ, “ಮನ್ಯಾಗ ತಕಲೀಫ್ ಇತ್ರಿ ಸಾಹೇಬ,” ಎಂದಳು.

ಮುಂದೆ ತನ್ನ ಪ್ರಶ್ನೆ ಕೇಳಿದಳು. “ನಮ್ಮವ್ವ ಬಸುರಿದ್ದಾಗ ಗ್ರಹಣದಾಗ ಖಾರ ಕುಟ್ಟಿ ಗಲ್ಲಕ್ಕ ಕೈ ಒರಸಿಕೊಂಡಿದ್ಳಂತ್ರಿ. ಅದಕ್ಕ ಹಿಂಗಾಗ್ಯಾದೇನ್ರಿ?”

ಅವರು ನಗಲಿಲ್ಲ. ಕಾಗದದ ಮೇಲೆ ಸಣ್ಣ ಗೆರೆಗಳನ್ನು ಎಳೆದು ತೋರಿಸಿದರು. ಚರ್ಮದ ಕೆಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿರುತ್ತವೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗಲೇ ಕೆಲವರಿಗೆ ಒಂದು ಕಡೆಯ ನಾಳಗಳು ಬಿಗಿಯಾಗದೆ ಅಗಲವಾಗಿ ಉಳಿದುಬಿಡುತ್ತವೆ. ಅಲ್ಲಿ ರಕ್ತ ಹೆಚ್ಚು ನಿಂತು ಮೇಲೆ ಬಣ್ಣ ಕಾಣುತ್ತದೆ. ಗ್ರಹಣ, ಖಾರ, ಕೈ ಒಂದೂ ಕಾರಣವಲ್ಲ. “ನಿಮ್ಮ ಅವ್ವಗ ಹೇಳ್ರಿ, ಆಕಿದು ಎಳ್ಳಿನಷ್ಟೂ ತಪ್ಪಿಲ್ಲ ಅಂತ.”

“ಹೇಳ್ತೀನ್ರಿ,” ಎಂದಳು ಅವಳು.

ಅವಳು ಕೇಳಬೇಕಾಗಿದ್ದದ್ದು ಇದೇ ಎಂದು ನನಗೆ ಆಗ ತಿಳಿಯಿತು. ಶ್ರಾವಣದಿಂದ ನವರಾತ್ರಿಗೆ ಎರಡು ತಿಂಗಳು. ಅಷ್ಟರಲ್ಲಿ ಎಷ್ಟು ಸಲ ಬೇಕಾದರೂ ಮುಡಬಿಗೆ ಹೋಗಿ ಹೇಳಿ ಬರಬಹುದಿತ್ತು.

ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ, ಹಲವು ಸಲ ಬರಬೇಕು, ಗಾಯದ ಗುರುತು ಉಳಿದರೂ ಉಳಿಯಬಹುದು, ವಾರಗಟ್ಟಲೆ ಬಿಸಿಲಿಗೆ ಮುಖ ಒಡ್ಡಬಾರದು ಎಂದು ಡಾಕ್ಟರು ಹೇಳಿದರು. ಬಿಸಿಲಿಗೆ ಹೋಗದೆ ಉಂಡೆ ಒಣಗಿಸುವುದು ಹೇಗೆಂದು ಅವಳು ಯೋಚಿಸಿದಳು. ಆಮೇಲೆ, “ನಂದು ಇರ್ಲಿ ಸಾಹೇಬ. ನಮ್ಮ ತಂಗಿ ಮೂಗಿನ ಮಗ್ಗುಲು ಜರಾ ನೋಡ್ರಿ,” ಎಂದಳು.

ಬಿಸಿಲು, ಒಲೆಯ ಝಳ, ಬಸುರು ಬಾಣಂತನ, ಏನಾದರೂ ಕಾರಣವಿರಬಹುದು, ಇವು ಸಣ್ಣವು, ಸುಲಭ ಎಂದರು ಅವರು. ನಾನು ಬೇಡವೆನ್ನಬೇಕಾಗಿತ್ತು. ಅನ್ನಲಿಲ್ಲ. ಕುರ್ಚಿಯಲ್ಲಿ ಕೂತೆ. ಕಣ್ಣಿಗೆ ಪಟ್ಟಿ ಕಟ್ಟಿದರು. ಬೆಳಕು ಬಿದ್ದ ಕಡೆಯೆಲ್ಲ ಒಗ್ಗರಣೆಯ ಸಾಸಿವೆ ಸಿಡಿದು ತಾಕಿದ ಹಾಗೆ ಚುರ್ ಎನ್ನುತ್ತಿತ್ತು. ಅಷ್ಟೂ ಹೊತ್ತು ನನ್ನ ಕೈ ಹಿಡಿದು ಕೂತವಳು ಅವಳೇ. ಬೂದಿಯಿಂದ ಒರಟಾದ ಆ ಬೆರಳು ಕಣ್ಣು ಕಟ್ಟಿದ್ದರೂ ಗುರುತು ಸಿಗುತ್ತಿತ್ತು.

ಮರುದಿನ ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮುಡಬಿಯ ಬಸ್ಸು ಹೊರಡಲು ನಿಂತಿತ್ತು. ಅವಳು ಅದರ ಬಾಗಿಲವರೆಗೆ ನಡೆದುಹೋದಳು. ಕಂಡಕ್ಟರ್ ಹತ್ತಬೇ ಎಂದ. ಅವಳು ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತು, ಕೈಬಿಟ್ಟು ಹಿಂದೆ ಬಂದಳು. ಬಸ್ಸು ಹೋಯಿತು. ಭಾವನವರು ಚೀಲ ಹಿಡಿದು ಮುಂದೆ ಹೋಗಿದ್ದರು. ನಾನು ಬಾಯಿಬಿಟ್ಟೆ. “ಅಕ್ಕಾ, ಆ ಚೀಟಿ...”

“ಹೇಳಬ್ಯಾಡ,” ಎಂದಳು. “ನೀ ಹೇಳಿದ್ರ ನಾ ಸಿಟ್ಟಾಗಬೇಕಾಗ್ತದ. ನಾ ಸಿಟ್ಟಾದ್ರ ನಾಳಿಗಿ ಬೂದಿ ಸೋಸಾಕ ನನ್ನೆದುರಿಗಿ ಯಾರು ಕೂಡ್ತಾರ?”

ಮರುದಿನ ಸೋಸಿದೆವು. ಅವಳೇನು ಶರಣೆಯಾಗಿರಲಿಲ್ಲ. ಒಂದು ತಿಂಗಳ ಕಾಲ ತನ್ನ ತುದಿಯನ್ನು ಬೇಕಂತಲೇ ಜಗ್ಗಿ ಹಿಡಿಯುತ್ತಿದ್ದಳು. ನನ್ನ ಬೆರಳ ಗೆಣ್ಣುಗಳು ಕೆಂಪಾಗಿ ಸುಲಿಯುತ್ತಿದ್ದವು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಒಂದು ದಿನ ಬಟ್ಟೆ ತಾನಾಗಿಯೇ ಸಡಿಲವಾಯಿತು. ನನ್ನ ಮೂಗಿನ ಮಗ್ಗುಲ ಗೆರೆಗಳು ಅಷ್ಟರಲ್ಲಿ ಮಾಯವಾಗಿದ್ದವು. ಅಷ್ಟಾದ ಮೇಲೂ ನನ್ನ ಹೊಟ್ಟೆಕಿಚ್ಚು ಹೋಗಲಿಲ್ಲ. ಅಷ್ಟನ್ನು ನುಂಗಿ ಸುಮ್ಮನಿರುವ ಶಕ್ತಿ ಅವಳಿಗೆ ಮಾತ್ರ ಏಕೆ ಸಿಕ್ಕಿತು ಎಂದು ಅದಕ್ಕೂ ಉರಿದುಕೊಂಡೆ.

ಮೂರು ವರ್ಷದ ಮೇಲೆ ಚಳಿಜ್ವರ ಬಂದು ಅವಳು ಹೋದಳು. ನಮ್ಮ ಪದ್ಧತಿಯಂತೆ ಮಣ್ಣಿಗೆ ಮೊದಲು ದೇಹವನ್ನು ಕೂರಿಸಿದಾಗ ಹಣೆಗೆ ವಿಭೂತಿ ಹಚ್ಚುವ ಸರದಿ ನನಗೂ ಬಂತು. ಹತ್ತಿರದಿಂದ ನೋಡಿದೆ. ರಕ್ತದ ಓಟ ನಿಂತ ಮೇಲೆ ಆ ಕಲೆ ತೆಳ್ಳಗೆ, ಇದೆಯೋ ಇಲ್ಲವೋ ಎಂಬಷ್ಟಾಗಿತ್ತು. ಯಾವುದಕ್ಕೆ ಹೆದರಿ ಚೀಟಿ ಸುಟ್ಟಿದ್ದೆನೋ ಆ ಮುಖವನ್ನೇ ಕೊನೆಗೆ ನೋಡಿದೆ. ನನಗೆ ಅವಳ ಗುರುತು ಸಿಗಲಿಲ್ಲ.

ಮರುವರ್ಷ ನಮ್ಮ ಓಣಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಕಲೆ. ನಾನು ಹೋದಾಗ ಮುದುಕಿಯರು ಬಾಣಂತಿಯ ಸುತ್ತ ಕೂತು, ಗ್ರಹಣದ ದಿನ ಏನು ಮುಟ್ಟಿದ್ದೆ ನೆನಪು ಮಾಡಿಕೊ ಎನ್ನುತ್ತಿದ್ದರು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಮುದುಕಿಯರನ್ನು ಸರಿಸಿ ಅವಳ ಮಗ್ಗುಲಲ್ಲಿ ಕೂತೆ. ಡಾಕ್ಟರು ಕಾಗದದ ಮೇಲೆ ಎಳೆದ ಗೆರೆಗಳನ್ನು ಅವಳ ಅಂಗೈಯ ಮೇಲೆ ಬೆರಳಿನಿಂದ ಎಳೆದು ತೋರಿಸಿ, ಅವರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಎಳ್ಳಿನಷ್ಟೂ ತಪ್ಪಿಲ್ಲ ಎಂಬುದನ್ನು ಎರಡು ಸಲ ಹೇಳಿದೆ.

ಹುಡುಗಿ ಎದ್ದು ಕೂತು ಮಗುವನ್ನು ತೆಗೆದುಕೊಂಡಳು. ಕಲೆ ಇದ್ದ ಕಡೆ ಮೇಲೆ ಬರುವಂತೆ ತಿರುಗಿಸಿ ಹಾಲಿಗೆ ಹಾಕಿದಳು.