ಕಂಪ್ಯೂಟರಿನ ಬೆನ್ನ ಹಿಂದೆ ನಿಂತದ್ದು

ನಿಮ್ಮ ಅಮ್ಮ, ಅಂದರೆ ನನ್ನ ಮಗಳು, ಹುಣಸೂರಿನಲ್ಲಿ ಟೈಪಿಂಗ್ ಕಲಿತು ಬಂದ ವರ್ಷ ತಾನೇ ಒಂದು ಕಂಪ್ಯೂಟರ್ ಕೂಡಿಸಿದಳು. ಡಬ್ಬ ಮೈಸೂರಿನ ಗುಜರಿಯದು, ಪರದೆ ಯಾರೋ ಮುಚ್ಚಿದ ಅಂಗಡಿಯದು, ಕೀಲಿಮಣೆಯಲ್ಲಿ ಅರ್ಧ ಅಕ್ಷರಗಳು ಸವೆದಿದ್ದವು. ಆ ಕಾಲಕ್ಕೇ ಅದು ಮುದಿ ಯಂತ್ರ. ಹೊತ್ತಿಕೊಳ್ಳುವಾಗ ಮುದುಕರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಬಿಳಿಕೆರೆಯ ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆಯಲ್ಲಿ ಅರ್ಜಿ, ಲಗ್ನಪತ್ರಿಕೆ ಬರೆದುಕೊಡುವ ಅಂಗಡಿ ಇಡಬೇಕೆಂಬುದು ಅವಳ ಆಸೆ.

ಅದೇ ಕೋಣೆಯ ಮೇಲೆ ನನ್ನ ಭಾವನವರ ಕಣ್ಣೂ ಇತ್ತು. ಅವರು ತೀರಿಕೊಂಡ ನಿಮ್ಮ ತಾತನ ಅಣ್ಣ. ಗೋಣಿ ಸುತ್ತಿ ಕಟ್ಟಿದ ಹೊಗೆಸೊಪ್ಪಿನ ಬೇಲುಗಳನ್ನು ಒಟ್ಟಲು ಅವರಿಗೆ ಒಣ ಜಾಗ ಬೇಕಿತ್ತು.

"ಆಯುಧಪೂಜೆ ದಿನ ಅದು ನೆಟ್ಟಗೆ ಓಡುದ್ರೆ ಕ್ವಾಣೆ ನಿಂದು ಕಣವ್ವ. ಓಡ್ನಿಲ್ವ, ಸಂಜೀಕೇ ಬೇಲ್ ತಂದಾಕ್ತೀನಿ" ಎಂದಿದ್ದರು.

ಹಬ್ಬದ ಹಿಂದಿನ ದಿನ ಚೆನ್ನಾಗಿಯೇ ಓಡಿತ್ತು. ಬೆಳಿಗ್ಗೆ ಅವಳು ವೈರುಗಳನ್ನೆಲ್ಲ ಕಿತ್ತು, ಒರೆಸಿ, ನೇಗಿಲು, ಸೈಕಲ್ಲು, ನನ್ನ ಈಳಿಗೆಮಣೆಯ ಜೊತೆ ಪೂಜೆಗಿಟ್ಟಳು. ಪೂಜೆ ಭಾವನವರದು. ಅವರು ಮನೆಗೆ ಹಿರಿಯರು, ದೇವರಿಗಿಂತ ತುಸುವೇ ಕಿರಿಯರು. ಗಂಡನಿಲ್ಲದವಳು ಎದುರಿಗೆ ಬರಬಾರದೆಂದು ನನ್ನನ್ನು ಮೇಜಿನ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಕಂಪ್ಯೂಟರಿನ ಗುಟ್ಟೆಲ್ಲ ಅದರ ಬೆನ್ನಲ್ಲೇ ಇರುತ್ತದೆಂದು ಅವರಿಗೆ ಯಾರು ಹೇಳಬೇಕು? ಹೀಗಾಗಿ, ಎತ್ತಿನ ಹಣೆಗೆ ಒತ್ತುವ ಹಾಗೆ ಅವರು ಹಸಿ ಕುಂಕುಮ, ಅಕ್ಷತೆಯನ್ನು ಡಬ್ಬದ ಬೆನ್ನಿಗೂ ಹೆಬ್ಬೆರಳಿನಿಂದ ಒತ್ತಿದ್ದನ್ನು ಕಂಡವಳು ನಾನೊಬ್ಬಳೇ.

ಪೂಜೆ ಮುಗಿದು ವೈರು ಸಿಕ್ಕಿಸಿದರೆ ಕೀಲಿಮಣೆ ಕೆಲಸ ಮಾಡಿತು. ಪರದೆಯ ಮೇಲಿನ ಬಾಣ ಮಾತ್ರ ಜಗ್ಗಲಿಲ್ಲ. ಮಗಳು ಮೌಸು ಮಗುಚಿ ಹೊಟ್ಟೆಯೊಳಗಿನ ಗುಂಡು ತೆಗೆದಳು. ಕರ್ರಗೆ ಹೊಗೆಸೊಪ್ಪಿನ ಅಂಟು. ಹಿಂದಿನ ದಿನ ಭಾವನವರು ಅದನ್ನು ಹಿಡಿದು ನೋಡಿದ್ದರಲ್ಲ. ಒರೆಸಿದಳು, ಇಲ್ಲ. ಡಬ್ಬದ ಬೆನ್ನಲ್ಲಿ ಕೀಲಿಮಣೆಗೂ ಮೌಸಿಗೂ ಒಂದೇ ಥರದ ದುಂಡು ತೂತುಗಳು. ಅದಲುಬದಲು ಮಾಡಿದಳು, ಈಗ ಕೀಲಿಮಣೆಯೂ ಕೈಕೊಟ್ಟಿತು. ಮೊದಲಿನಂತೆಯೇ ಸಿಕ್ಕಿಸಿ, ಆರಿಸಿ ಹೊತ್ತಿಸಿದಳು. ಬಾಣ ಇದ್ದಲ್ಲೇ ಇತ್ತು.

ಬಾಗಿಲಲ್ಲಿ ಭಾವನವರು ಕೆಮ್ಮಿದರು. "ಏನವ್ವ, ನಿನ್ ಬಾಣ ಉಪಾಸ ಕುಂತದಾ? ಗಾಡಿ ಕಟ್ಟುಸ್ಲಾ?"

ಮಗಳ ಕಣ್ಣು ತುಂಬಿತು. ಇನ್ನೂ ಮೇಜಿನ ಹಿಂದೆಯೇ ನಿಂತಿದ್ದ ನಾನು ನೋಡಿದೆ: ಒಂದು ವೈರಿನ ಮೂತಿ ತೂತಿಗೆ ಪೂರ್ತಿ ಇಳಿದಿತ್ತು, ಇನ್ನೊಂದು ಸ್ವಲ್ಪ ಹೊರಗೇ ನಿಂತಿತ್ತು.

ಭಾವನ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಇನ್ನೊಂದು ಮುದ್ದೆ ಬೇಕೇ ಎಂಬುದನ್ನೂ ನಾನು ಕಂಬಕ್ಕೆ ಕೇಳುತ್ತಿದ್ದೆ, ಅವರು ಕಂಬಕ್ಕೇ ಉತ್ತರ ಕೊಡುತ್ತಿದ್ದರು. ಈಗಲೂ ಬಾಗಿಲ ಪಕ್ಕದ ಕಂಬಕ್ಕೇ ಹೇಳಿದೆ: "ಮೌಸಿನ ತೂತೊಳಕ್ಕೆ ಅಕ್ಷತೆ ಓಗಿ ಸೇರ್ಕಂಡದೆ ಅಂತ ಕಾಣ್ತದೆ."

"ಕಂಬ ಏನವ್ವ ರಿಪೇರಿ ಮಾಡ್ತದೆ, ನಂಗೇಳು" ಎನ್ನುತ್ತ ಮಗಳು ಯಂತ್ರ ಆರಿಸಿದಳು. ತಲೆಯ ಪಿನ್ನು ತೆಗೆದು ಕೆದಕಿದಳು. ಕುಂಕುಮ ಹತ್ತಿದ ಅರ್ಧ ಅಕ್ಕಿಕಾಳು ಹೊರಬಿತ್ತು.

"ದೇವ್ರ ಅಕ್ಷತೆನ ಪಿನ್ನಾಕಿ ಕೀಳ್ತೀಯಲ್ಲೇ" ಎಂದರು ಭಾವನವರು.

"ದೇವ್ರು ಬ್ಯಾರೆ ತೂತಲ್ಲಿ ಕೂತ್ಕಳ್ಳಿ ದೊಡ್ಡಪ್ಪ. ಇದು ಬಾಡ್ಗೇಗೆ ಓಗ್ಬುಟ್ಟದೆ."

ಈ ಸಲ ಮೂತಿ ಪೂರ್ತಿ ಒಳಗಿಳಿಯಿತು. ಯಂತ್ರ ಗಂಟಲು ಸರಿಮಾಡಿಕೊಂಡಿತು. ಬಾಣ ಪರದೆಯ ತುಂಬ ಓಡಾಡಿತು.

ಭಾವನವರು ಮಾತಿಗೆ ತಪ್ಪುವವರಲ್ಲ. ಬೇಲುಗಳನ್ನು ಹುಲ್ಲಿನ ಕೊಟ್ಟಿಗೆಗೆ ಹಾಕಿಸಿ ಬಂದರು. ಬಂದವರೇ, "ಎಲ್ಲಿ, ಒಸಿ ನಾನೂ ಓಡುಸ್ತೀನಿ" ಎಂದು ಮೌಸಿಗೆ ಕೈ ಚಾಚಿದರು. ಬೆರಳುಗಳೆಲ್ಲ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು.

ಕಂಬದ ಕಡೆ ತಿರುಗಲು ನನಗೆ ಹೊತ್ತಿರಲಿಲ್ಲ.

"ಉಣಸೆಹಣ್ಣಾಕಿ ಉಜ್ಜಿ ಕೈ ತೊಳ್ಕಂಡ್ ಬನ್ನಿ ಭಾವ" ಎಂದುಬಿಟ್ಟೆ, ಮುಖ ನೋಡಿಯೇ.

ಅವರು ನನ್ನನ್ನು ನೋಡಿದರು, ಕಂಬವನ್ನು ನೋಡಿದರು, ಬಚ್ಚಲ ಕಡೆ ಹೋದರು.