ಹೂಯಿಯಾ ಆಂಟಿಯ ಬೀಗದಕೈ

ನ್ಯೂಜಿಲೆಂಡಿನ ನಮ್ಮ ಕ್ರಾಮ್‌ವೆಲ್‌ಗೆ ಚೆರ್ರಿ ಕೀಳಲು ಬರುವ ಪರದೇಶದ ಹುಡುಗ ಹುಡುಗಿಯರಿಗೆಲ್ಲ ಹೂಯಿಯಾ ಆಂಟಿಯ ಮನೆಯೇ ಬಿಡಾರ. ಅಡುಗೆ ನನ್ನದು. ಆಂಟಿಗೆ ಎಪ್ಪತ್ತು ದಾಟಿದರೂ ಬಾಯಿ ಮಾತ್ರ ಹರೆಯದ್ದು. ಆರೋಗ್ಯ ವಿಮೆಯ ಕಾಗದ ತೋರಿಸದೆ ಯಾರಿಗೂ ಕೋಣೆಯ ಬೀಗದಕೈ ಕೊಡುವವಳಲ್ಲ. "ಒಂದು ವರ್ಷ ತಿರುಗಾಡ್ಕೊಂಡು ದುಡಿಯೋ ವೀಸಾಕ್ಕೆ ವಿಮೆ ಬೇಕೇಬೇಕು. ನಿನಗ್ಯಾಕೆ ಮತ್ತೆ ತನಿಖೆ?" ಎಂದು ನಾನೇ ಎಷ್ಟೋ ಸಲ ಗೊಣಗಿದ್ದೆ.

ಹೋದ ಡಿಸೆಂಬರಿನಲ್ಲಿ ಚೆಕ್ ದೇಶದ ವೊಯ್ತಾ ಬಂದ. ವೀಸಾಕ್ಕೆಂದು ಮಾಡಿಸಿದ್ದ ವಿಮೆಯನ್ನು ಬಂದಿಳಿದ ವಾರದಲ್ಲೇ ರದ್ದು ಮಾಡಿಸಿದ್ದ.

"ಇಲ್ಲಿ ಏಟಾದ್ರೆ ಸರ್ಕಾರವೇ ನೋಡ್ಕೊಳ್ಳುತ್ತಲ್ಲ ಆಂಟಿ! ನನ್ನ ಗೆಳತಿ ಏಣಿಯಿಂದ ಬಿದ್ದು ಕೈ ಮುರ್ಕೊಂಡಾಗ ಎಲ್ಲಾ ಅವರೇ ಮಾಡಿದ್ರು."

"ಏಟಿಗೆ ಸರ್ಕಾರ, ಸರಿ. ಕಾಯಿಲೆ ಬಂದ್ರೆ ನಿನ್ನನ್ನ ಯಾರೋ ಕೇಳೋರು? ಹೊಟ್ಟೆನೋವು ಬಂದ್ರೆ ಹೊಟ್ಟೇನೂ ಏಣಿ ಹತ್ತಿಸಿ ಬೀಳಿಸ್ತೀಯಾ?"

ಮುಖ ಊದಿಸಿಕೊಂಡೇ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಹೊಸ ವಿಮೆ ಮಾಡಿಸಿದ. ಆಮೇಲೆ ಅಡುಗೆಮನೆಗೆ ಬಂದು "ಮುದುಕಿಗೆ ಹುಚ್ಚು" ಎಂದ. ನಾನೂ ಹೂಂ ಎಂದೆ.

ಮೂರನೇ ವಾರ ತೋಟದಲ್ಲಿ ಹೊಟ್ಟೆ ಹಿಡಿದು ಕುಸಿದ. ಅಪೆಂಡಿಕ್ಸ್. ಆಸ್ಪತ್ರೆಯ ದಾರಿಯುದ್ದಕ್ಕೂ ಆಂಟಿ ಅವನ ಕೈ ಬಿಡಲಿಲ್ಲ. ಆಪರೇಷನ್ನಿನ ಖರ್ಚೆಲ್ಲ ವಿಮೆಯವರೇ ನೋಡಿಕೊಂಡರು. "ನಾನು ಹೇಳಿರಲಿಲ್ವಾ" ಎಂದು ಆಂಟಿ ಒಮ್ಮೆಯೂ ಅನ್ನಲಿಲ್ಲ. ನಾನಾಗಿದ್ದರೆ ನೂರು ಸಲ ಅನ್ನುತ್ತಿದ್ದೆ.

ಅವನು ವಾಪಸು ಬಂದ ದಿನ ಚಿಲಿ ದೇಶದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ವಾದಿಸುತ್ತಿದ್ದಳು: "ಏಟಾದ್ರೆ ಇಲ್ಲಿ ಸರ್ಕಾರವೇ..."

ಆಂಟಿ ಬಾಯಿ ತೆರೆಯುವ ಮೊದಲೇ ವೊಯ್ತಾ ಅಂಗಿ ಎತ್ತಿ ಹೊಲಿಗೆಯ ಗುರುತು ತೋರಿಸಿದ.

"ಇದು ಏಣಿಯಿಂದ ಬಿದ್ದಿದ್ದಲ್ಲಮ್ಮ. ಬಾ, ಮೆಟ್ಟಿಲ ಮೇಲೆ ಕೂತ್ಕೋ. ಫೋನ್ ತೆಗಿ."